ಮೀನು ಹಿಡಿಯುವವರನ್ನು ಕೆರೆಯಿಂದ ಓಡಿಸಬೇಡಿ

ಬೇಸಿಗೆಯ ಮೊದಲ ಜೋರು ಮಳೆ ಬಂದ ಮರುದಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹೆಚ್ಚುಕಡಿಮೆ ಪ್ರತಿ ವರ್ಷ ಒಂದೇ ಬಗೆಯ ಫೋಟೋ ಬರುತ್ತದೆ. ಕೆರೆಯಂಚಿನಲ್ಲಿ ಹೊಟ್ಟೆ ಮೇಲಾಗಿ ತೇಲುವ ಮೀನು. ಅದರ ಹಿಂದೆಯೇ ಮೆಸೇಜುಗಳು. ಯಾರೋ ವಿಷ ಹಾಕಿದ್ದಾರೆ ಅಂತ ಒಬ್ಬರು. ಬಲೆ ಹಾಕುವವರದೇ ಕೆಲಸ ಅಂತ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಒಂದು ಅರ್ಜಿ ತಯಾರಾಗಿರುತ್ತದೆ: ನಮ್ಮ ಕೆರೆಯಲ್ಲಿ ಮೀನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಬೇಕು.

ಆ ಅರ್ಜಿಗೆ ಸಹಿ ಹಾಕಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಕೆರೆ ಪಕ್ಕದಲ್ಲೇ ಮನೆ ಇರುವವಳು. ನಮ್ಮ ಕೆರೆ ಸಮಿತಿಯಲ್ಲಿ ಕೆಲಸ ಮಾಡುತ್ತೇನೆ. ನೀರು ಚೆನ್ನಾಗಿರಬೇಕು ಅನ್ನುವ ಆಸೆ ನಿಮ್ಮಷ್ಟೇ ನನಗೂ ಇದೆ. ಆದರೆ ಮೀನು ಹಿಡಿಯುವವರನ್ನು ಓಡಿಸಿದರೆ ನೀರು ಚೆನ್ನಾಗುವುದಿಲ್ಲ. ನೀರು ಕೆಟ್ಟಿದೆ ಅಂತ ಎಲ್ಲರಿಗಿಂತ ಮೊದಲು ಹೇಳುವವರು ಇಲ್ಲದಂತಾಗುತ್ತದೆ, ಅಷ್ಟೆ.

ನಮ್ಮದು ಉತ್ತರ ಬೆಂಗಳೂರಿನ ಒಂದು ಚಿಕ್ಕ ಕೆರೆ. ಹೆಸರು ಬೇಡ. ಇಲ್ಲಿ ಹೇಳುವ ಮಾತು ಈ ಊರಿನ ಎಷ್ಟೋ ಕೆರೆಗಳಿಗೆ ಒಪ್ಪುತ್ತದೆ. ಸುತ್ತ ಕೆಲವು ಅಪಾರ್ಟ್‌ಮೆಂಟುಗಳು, ಒಂದು ಬಡಾವಣೆ, ಇನ್ನೊಂದು ಬದಿಗೆ ಹಳೆಯ ಹಳ್ಳಿ. ಮನೆ ಮಾಲೀಕರು ಸೇರಿ ಸಮಿತಿ ಮಾಡಿಕೊಂಡಿದ್ದೇವೆ. ವರ್ಷಕ್ಕೆ ಇಷ್ಟು ಅಂತ ಹಣ ಹಾಕುತ್ತೇವೆ. ಕಸ ತೆಗೆಸುವುದು, ಬೇಲಿ ಸರಿ ಮಾಡಿಸುವುದು, ಜೊಂಡು ಕೀಳಿಸುವುದು, ಅಧಿಕಾರಿಗಳಿಗೆ ಪತ್ರ ಬರೆಯುವುದು. ಇದೆಲ್ಲ ಒಳ್ಳೆಯ ಕೆಲಸವೇ. ಆದರೂ ಸಮಿತಿಯ ಸಭೆಯಲ್ಲಿ ಕೂತಾಗ ನನಗೆ ಒಂದು ವಿಷಯ ಕಾಡುತ್ತದೆ. ಅಲ್ಲಿ ಕೂತವರೆಲ್ಲ ಕೆರೆಯನ್ನು ನೋಡುವವರು. ಕೆರೆಯಿಂದ ಬದುಕುವವರು ಒಬ್ಬರೂ ಇರುವುದಿಲ್ಲ.

ಮೊದಲು ಕೆರೆಯ ಕತೆ ಸ್ವಲ್ಪ ಹೇಳಬೇಕು. ಬೆಂಗಳೂರಿನ ನಡುವೆ ದೊಡ್ಡ ನದಿ ಹರಿಯುವುದಿಲ್ಲ. ಇರುವುದು ಏರುತಗ್ಗಿನ ನೆಲ, ಅದರಲ್ಲಿ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳು. ಹಿಂದಿನವರು ಈ ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ ಮಳೆನೀರು ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬಿನಿಂದ ಗದ್ದೆಗೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಬೇಸಿಗೆಯ ಕೊನೆಗೆ ಅನೇಕ ಕೆರೆಗಳು ಬತ್ತುತ್ತಿದ್ದವು. ಆಗ ಊರವರು ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಬತ್ತುವ ನೀರಿನಲ್ಲಿ ಊರೆಲ್ಲ ಇಳಿದು ಮೀನು ಹಿಡಿಯುತ್ತಿತ್ತು. ತಳದ ಕೆಸರು ಬಿಸಿಲಿಗೆ ಬಿರಿಯುತ್ತಿತ್ತು. ಹೀಗೆ ಒಣಗುವುದರಿಂದ ಕೆಸರಿನಲ್ಲಿ ಕೊಳೆಯುವ ಪದಾರ್ಥ ಎಷ್ಟೋ ಸುಟ್ಟುಹೋಗುತ್ತಿತ್ತು.

ಈಗ ನಮ್ಮ ಕೆರೆ ಬತ್ತುವುದೇ ಇಲ್ಲ. ಬಂದು ನೋಡಿದವರು "ಎಷ್ಟು ಚೆನ್ನಾಗಿ ತುಂಬಿದೆ" ಅಂತ ಖುಷಿಪಡುತ್ತಾರೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ತುಂಬಿರುವುದು ಯಾವ ನೀರಿನಿಂದ? ಮಳೆ ಇಲ್ಲ, ಮೇಲಿನ ಕೆರೆ ಕೋಡಿ ಬಿದ್ದಿಲ್ಲ. ರಾಜಕಾಲುವೆಯಲ್ಲಿ ವರ್ಷವಿಡೀ ಹರಿಯುವುದು ನಮ್ಮ ಬಚ್ಚಲು, ಅಡುಗೆಮನೆ, ಪಾಯಿಖಾನೆಯ ನೀರು. ಗದ್ದೆಗಳು ಹೋಗಿ ಎಷ್ಟೋ ಕಾಲವಾಯಿತು, ತೂಬು ತೆರೆಯುವವರಿಲ್ಲ. ಬಂದ ಕೊಳೆ ಬಂದಲ್ಲೇ ಕೂರುತ್ತದೆ.

ಮೀನು ಸಾಯುವುದಕ್ಕೂ ಇದಕ್ಕೂ ಇರುವ ಸಂಬಂಧವನ್ನು ನನಗೆ ಮೊದಲು ಹೇಳಿದ್ದು ನಮ್ಮ ಕೆರೆಯಲ್ಲಿ ಬಲೆ ಬಿಡುವ ಒಬ್ಬ ತಾತ. ಹಳೇ ಊರಿನವರು. ಹುಡುಗನಾಗಿದ್ದಾಗಿನಿಂದ ಈ ಕೆರೆ ನೋಡಿದವರು. ಒಂದು ದಿನ ನಾವು ಕೆಲವರು ಮೀಟರು ಹಿಡಿದು ನೀರು ಅಳೆಯುತ್ತಿದ್ದೆವು. ನೀರಿನಲ್ಲಿ ಕರಗಿದ ಆಮ್ಲಜನಕ ಚೆನ್ನಾಗಿಯೇ ಇತ್ತು. ತಾತ ಏರಿಯ ಮೇಲೆ ಬಲೆ ಬಿಡಿಸುತ್ತಾ ಕೂತಿದ್ದರು.

"ಎಷ್ಟೈತಮ್ಮಾ?" ಅಂತ ಕೇಳಿದರು.

"ಚೆನ್ನಾಗಿದೆ ತಾತ, ಹತ್ತರ ಮೇಲಿದೆ" ಅಂದೆ.

"ನೀವು ಬಿಸಿಲು ಬಂದ್ಮೇಲೆ ಬಂದು ನೋಡ್ತೀರ. ಮೀನು ಸಾಯೋದು ಬೆಳಗಿನ ಜಾವ. ಆವಾಗ ಬಂದು ನೋಡಿ."

ನೋಡಿದೆವು. ಸೂರ್ಯ ಹುಟ್ಟುವ ಮುಂಚೆ, ಟಾರ್ಚ್ ಹಿಡಿದು, ಅದೇ ಜಾಗದಲ್ಲಿ. ಹಗಲು ಲೀಟರಿಗೆ ಹತ್ತು ಮಿಲಿಗ್ರಾಂಗಿಂತ ಮೇಲೆ ತೋರಿಸಿದ್ದ ಮೀಟರು ಎರಡರ ಕೆಳಗೆ ಇಳಿದಿತ್ತು. ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

ಇದರ ಹಿಂದಿನ ಲೆಕ್ಕ ಕಷ್ಟದ್ದೇನಲ್ಲ. ಕೊಳಚೆ ನೀರಿನಲ್ಲಿ ಸಾರಜನಕ ಮತ್ತು ರಂಜಕ ಬರುತ್ತದೆ. ಸೋಪು, ಡಿಟರ್ಜೆಂಟಿನಿಂದಲೂ ರಂಜಕ ಸೇರುತ್ತದೆ. ಅದು ಪಾಚಿಗೆ ಗೊಬ್ಬರ. ನೀರು ಹಸಿರಾಗುತ್ತದೆ. ಬಿಸಿಲಿರುವಾಗ ಈ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ತಳದ ಕೆಸರಿನ ಬ್ಯಾಕ್ಟೀರಿಯಾ ಹಗಲುರಾತ್ರಿ ಎಳೆದುಕೊಳ್ಳುತ್ತಲೇ ಇರುತ್ತವೆ. ಮೀನಿಗೂ ಬೇಕು. ರಾತ್ರಿಯಿಡೀ ಖರ್ಚು, ಜಮೆ ಇಲ್ಲ. ಹಾಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ನೀರಿನಲ್ಲಿ ಆಮ್ಲಜನಕ ದಿನದಲ್ಲೇ ಕಡಿಮೆ. ಮೋಡ ಕವಿದು ಹಿಂದಿನ ದಿನ ಬಿಸಿಲು ಬೀಳದಿದ್ದರೆ ಇನ್ನೂ ಕಡಿಮೆ. ಆ ಹೊತ್ತಿಗೆ ಸರಿಯಾಗಿ ಮೊದಲ ಮಳೆ ಬಂದು, ತಿಂಗಳುಗಟ್ಟಲೆ ಕಾಲುವೆಯಲ್ಲಿ ಕೂತ ಕೊಳೆಯನ್ನು ಒಮ್ಮೆಗೇ ಕೆರೆಗೆ ತಂದು ಸುರಿದರೆ? ಮಾರನೇ ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೋ.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಅನೇಕರಿಗೆ ನೆನಪಿರಬಹುದು. ಬೆಳ್ಳಂದೂರಿನ ನೊರೆ, 2017 ಮತ್ತು 2018ರಲ್ಲಿ ಅಲ್ಲಿ ಹೊತ್ತಿದ ಬೆಂಕಿ ದೇಶಕ್ಕೆಲ್ಲ ಸುದ್ದಿಯಾಯಿತು. ಚಿಕ್ಕ ಕೆರೆಗಳಲ್ಲಿ ಬೆಳಗಿನ ಜಾವ ಉಸಿರುಕಟ್ಟುವ ಮೀನು ಸುದ್ದಿಯಾಗುವುದಿಲ್ಲ.

ಇಲ್ಲಿ ಅಳತೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ನಮ್ಮಂಥ ಸಮಿತಿಗಳು ಹೆಚ್ಚು ಮೋಸಹೋಗುವುದು ಇಲ್ಲೇ. ನಮ್ಮ ದೇಶದಲ್ಲಿ ನೀರನ್ನು ಬಳಕೆಗೆ ತಕ್ಕಂತೆ ಎ, ಬಿ, ಸಿ, ಡಿ, ಇ ಎಂದು ಐದು ದರ್ಜೆ ಮಾಡಿದ್ದಾರೆ. ಎ ಅಂದರೆ ಶುದ್ಧೀಕರಣದ ಗೋಜಿಲ್ಲದೆ, ಬರೀ ಕ್ರಿಮಿನಾಶ ಮಾಡಿ ಕುಡಿಯಬಹುದಾದ ನೀರಿನ ಮೂಲ. ಇ ಅಂದರೆ ನೀರಾವರಿಗೆ ಸಾಕು ಅನ್ನುವಂಥದ್ದು. ಇವೆರಡರ ನಡುವೆ ಇರುವ ಡಿ ದರ್ಜೆ ಮೀನು ಮತ್ತು ಕಾಡುಜೀವಿಗಳಿಗೆ. ಅದಕ್ಕೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 6.5ರಿಂದ 8.5ರ ಒಳಗಿರಬೇಕು. ಅಯಾನಾಗದ ಅಮೋನಿಯಾ, ಅಂದರೆ ಮೀನಿಗೆ ವಿಷವಾಗುವ ರೂಪದ್ದು, ಲೀಟರಿಗೆ 1.2 ಮಿಲಿಗ್ರಾಂ ದಾಟಬಾರದು. ಬೆಂಗಳೂರಿನ ಕೆರೆಗಳ ವರದಿಗಳನ್ನು ತೆರೆದು ನೋಡಿದರೆ ಹೆಚ್ಚಿನವು ಡಿ ಅಥವಾ ಇ. ಅಂದರೆ ನಮ್ಮ ಕೆರೆ ಕೆರೆಯಾಗಿ ಉಳಿದಿದೆಯೋ ಇಲ್ಲವೋ ಅನ್ನುವ ಗೆರೆ ಎಳೆದಿರುವುದು ಮೀನಿನ ಮೇಲೆ.

ಆದರೆ ಈ ಅಳತೆಗೆ ನೀರು ತೆಗೆಯುವುದು ಯಾವಾಗ? ಸಾಮಾನ್ಯವಾಗಿ ಕೆಲಸದ ಹೊತ್ತಿನಲ್ಲಿ, ಬಿಸಿಲು ಏರಿದ ಮೇಲೆ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿ ಬಿಸಿಯಿರುವ ನೀರಿನಲ್ಲಿ ಗಾಳಿಯಿಂದ ಕರಗಿ ನಿಲ್ಲಬಲ್ಲ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ. ಮಧ್ಯಾಹ್ನ ಮೀಟರು ಹತ್ತು, ಹನ್ನೆರಡು ಅಂತ ತೋರಿಸಿದರೆ ಅದು ಕೆರೆ ಆರೋಗ್ಯವಾಗಿರುವ ಗುರುತಲ್ಲ. ಪಾಚಿ ಮಿತಿಮೀರಿದೆ ಎಂಬ ಗುರುತು. ಜೊತೆಗೆ ಇನ್ನೊಂದು ಅಪಾಯ ಇದೆ. ಹಸಿರುಗಟ್ಟಿದ ನೀರಿನ ಪಿಎಚ್ ಮಧ್ಯಾಹ್ನ ಏರುತ್ತದೆ. ಪಿಎಚ್ ಏರಿದ ಹಾಗೆ ಕೊಳಚೆಯ ಅಮೋನಿಯಂ ಮೀನಿಗೆ ವಿಷವಾಗುವ ಅಮೋನಿಯಾ ಆಗಿ ಬದಲಾಗುತ್ತದೆ. ಕಾಗದದ ಮೇಲೆ ಡಿ ದರ್ಜೆ ಸಿಕ್ಕ ದಿನವೇ ಮೀನು ಒದ್ದಾಡುತ್ತಿರಬಹುದು. ಹಾಗಾಗಿ ನಮ್ಮ ಸಮಿತಿಯ ಪುಸ್ತಕದಲ್ಲಿ ಈಗ ಪ್ರತಿ ಅಳತೆಯ ಪಕ್ಕ ಗಂಟೆ ಬರೆಯುತ್ತೇವೆ. ಬೆಳಗಿನ ಜಾವದ ಅಳತೆ ಇಲ್ಲದ ವರದಿ ಯಾರು ಕೊಟ್ಟರೂ ನಾನು ನಂಬುವುದಿಲ್ಲ.

ತಾತನಿಗೆ ಮೀಟರೂ ಬೇಡ. ಅವರ ಬಲೆಯೇ ವರದಿ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಈ ಮೂರೂ ಒಟ್ಟಿಗೆ ಬಲೆಗೆ ಬಂದರೆ ಕೆರೆಯ ಎಲ್ಲ ಪದರದಲ್ಲೂ ಉಸಿರಾಡುವಷ್ಟು ಆಮ್ಲಜನಕ ಇದೆ ಅಂತ ಅರ್ಥ. ತಳದ ನೀರು ಕೆಟ್ಟರೆ ಮೊದಲು ಮೃಗಾಲ್ ಕಡಿಮೆಯಾಗುತ್ತದೆ. ಇನ್ನೂ ಕೆಟ್ಟರೆ ಬಲೆ ತುಂಬ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದು ಎಂಥ ನೀರಿನಲ್ಲೂ ಹೇಗೋ ಬದುಕುತ್ತದೆ, ಮರಿ ಹಾಕುತ್ತಲೇ ಇರುತ್ತದೆ. ಕುಚ್ಚು ಮೀನು ಮತ್ತು ಕ್ಯಾಟ್‌ಫಿಶ್ ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗಬಲ್ಲವು. ಕೊನೆಗೆ ಇವು ಮಾತ್ರ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲ ಅಂತಲೇ ಲೆಕ್ಕ. ಯಾವ ಬೇಸಿಗೆಯಿಂದ ಮೃಗಾಲ್ ಕಡಿಮೆಯಾಯಿತು, ಯಾವ ಅಪಾರ್ಟ್‌ಮೆಂಟ್ ಎದ್ದ ವರ್ಷ ಪೂರ್ವದ ಮೂಲೆಯಲ್ಲಿ ಮೀನು ನಿಲ್ಲುವುದು ಬಿಟ್ಟಿತು, ಎಲ್ಲ ಅವರ ತಲೆಯಲ್ಲಿದೆ. ಇಷ್ಟು ವರ್ಷಗಳ ದಾಖಲೆ ಬೇರೆ ಯಾರ ಹತ್ತಿರ ಇದೆ ಹೇಳಿ? ಅರ್ಜಿಗೆ ಸಹಿ ಹಾಕಿದರೆ ನಾವು ಹೊರಗೆ ಕಳಿಸುವುದು ಅದನ್ನೇ.

ಪೂರ್ವದ ಮೂಲೆಯ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ತಾತ ಆ ಮೂಲೆಯನ್ನು ತೋರಿಸಿದಾಗ ನಮ್ಮವರು ಕಾಲುವೆ ಹಿಡಿದು ಮೇಲಕ್ಕೆ ಹೋದರು. ಎಲ್ಲೋ ದೂರದ ಕೊಳಚೆ ಪ್ರದೇಶದಿಂದ ಬರುತ್ತಿರಬೇಕು ಅಂತ ಎಲ್ಲರ ಊಹೆ. ಸಿಕ್ಕಿದ್ದು ನಮ್ಮ ಸಾಲಿನದೇ ಒಂದು ಅಪಾರ್ಟ್‌ಮೆಂಟಿನ ಪೈಪು. ಅಲ್ಲಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧಿ ಮಾಡುವ ಘಟಕ, ಬರೀ ಕಾಗದದಲ್ಲಿ ಓಡುತ್ತಿತ್ತು. ಕರೆಂಟ್ ಬಿಲ್ ಜಾಸ್ತಿ ಅಂತ ರಾತ್ರಿ ಬ್ಲೋವರ್ ನಿಲ್ಲಿಸುತ್ತಿದ್ದರು. ಬ್ಲೋವರ್ ಅಂದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುವ ಯಂತ್ರ. ಅದನ್ನು ಗಂಟೆಗಟ್ಟಲೆ ನಿಲ್ಲಿಸಿದರೆ ಆ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಆಮೇಲೆ ಎಸ್‌ಟಿಪಿಯಿಂದ ಹೊರಬರುವುದು ಬರೀ ಬಣ್ಣ ತಿಳಿಯಾದ ಕೊಳಚೆ. ಅಲ್ಲಿನ ಮನೆಯವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಅವರಲ್ಲಿ ಕೆಲವರು ಪ್ರತಿ ಭಾನುವಾರ ಕೈಗವಸು ಹಾಕಿಕೊಂಡು ಕೆರೆಯ ಕಸ ಹೆಕ್ಕಲು ಬರುತ್ತಿದ್ದವರು! ಮನಸ್ಸಿಟ್ಟು ಬರುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ಅವರೇ ಮುಂದೆ ನಿಂತು ಸಾಮಾನ್ಯ ಸಭೆಯಲ್ಲಿ ಜಗಳ ಮಾಡಿ ಎಸ್‌ಟಿಪಿ ಸರಿ ಮಾಡಿಸಿದರು.

ಇದರಿಂದ ನನಗೆ ಸ್ಪಷ್ಟವಾದದ್ದು ಇಷ್ಟು. ಮನೆ ಮಾಲೀಕರ ಸಂಘ ಕೆರೆಗೆ ಮಾಡಬಹುದಾದ ದೊಡ್ಡ ಕೆಲಸ ಕೆರೆಯ ದಂಡೆಯಲ್ಲಿಲ್ಲ. ಅವರವರ ಬೇಸ್‌ಮೆಂಟಿನಲ್ಲಿದೆ. ಭಾನುವಾರ ಹೆಕ್ಕುವ ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಮೀನನ್ನು ಕೊಲ್ಲುವ ರಂಜಕ, ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಎಸ್‌ಟಿಪಿ ಸರಿಯಾಗಿ ನಡೆದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಊರಿನಲ್ಲಿ ಉದಾಹರಣೆಗಳಿವೆ. ಜಕ್ಕೂರು ಕೆರೆ ಸುಮಾರು 160 ಎಕರೆ. ಅದರ ಮೇಲ್ಭಾಗದಲ್ಲಿ ಜಲಮಂಡಳಿ ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ ಶುದ್ಧಿ ಮಾಡುವ ಘಟಕ ಕಟ್ಟಿತು. ಅಲ್ಲಿಂದ ಬಂದ ನೀರು ಜೊಂಡು ತುಂಬಿದ ಜೌಗಿನಲ್ಲಿ ನಿಧಾನವಾಗಿ ಹಾದು ಆಮೇಲೆ ಕೆರೆಗೆ ಸೇರುತ್ತದೆ. ಜೊಂಡು ಸಾರಜನಕ, ರಂಜಕವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಸುತ್ತಲಿನ ತೆರೆದ ಬಾವಿಗಳಲ್ಲಿ ನೀರು ಏರಿತು. ಅಲ್ಲಿ ಮೀನುಗಾರರು ತೆಪ್ಪದಲ್ಲಿ ಹೋಗಿ ಬಲೆ ಬಿಡುತ್ತಾರೆ. ಅವರಿಂದ ಸ್ವಲ್ಪ ದೂರದಲ್ಲಿ ಹೆಜ್ಜಾರ್ಲೆಗಳು ಗುಂಪಾಗಿ ಮೀನು ಹಿಡಿಯುತ್ತವೆ. ಜಲಪೋಷಣ ಎಂಬ ನಾಗರಿಕರ ಗುಂಪು ಕೆರೆಯನ್ನು ನೋಡಿಕೊಳ್ಳುತ್ತಾ ಬಂದಿದೆ. ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಕದ್ದು ಬರುವ ಕೊಳಚೆಯ ಕಾಟ ಇದೆ. ಆದರೆ ಮೀನುಗಾರ, ಹಕ್ಕಿ, ವಾಕಿಂಗ್ ಬರುವವರು, ಬಾವಿ ನೀರು ಬಳಸುವವರು ಎಲ್ಲರೂ ಒಂದೇ ಕೆರೆಯಲ್ಲಿ ಇರಬಹುದು ಅನ್ನುವುದಕ್ಕೆ ಜಕ್ಕೂರು ಸಾಕ್ಷಿ.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇನ್ನೊಂದು. ಹದಿಮೂರು ಎಕರೆ ಚಿಲ್ಲರೆ. ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. 2011ರಲ್ಲಿ ಆಗಿನ ಬಿಬಿಎಂಪಿ ಜೊತೆ ಕೆರೆ ನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕಿದರು. ಬೆಂಗಳೂರಿನಲ್ಲಿ ನಾಗರಿಕರ ಗುಂಪೊಂದು ಇಂಥ ಜವಾಬ್ದಾರಿ ತೆಗೆದುಕೊಂಡಿದ್ದು ಅದೇ ಮೊದಲು. ಬತ್ತಿಹೋಗುತ್ತಿದ್ದ ಆ ಕೆರೆಗೆ ಪಕ್ಕದ ಅಪಾರ್ಟ್‌ಮೆಂಟ್ ಸಮುಚ್ಚಯದ ಶುದ್ಧೀಕರಿಸಿದ ನೀರು ಹರಿದುಬರುವಂತೆ ಮಾಡಿದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯಲ್ಲಿ ಹೊಸದಾಗಿ ಬಂದ ಅಪಾರ್ಟ್‌ಮೆಂಟಿನವರು, ಹಳೇ ಊರಿನವರು ಕೂಡಿ ಕೆರೆ ಉಳಿಸಿಕೊಂಡರು. ದನಕ್ಕೆ ಹುಲ್ಲು ಕೊಯ್ಯುವವರಿಗೂ ಅಲ್ಲಿ ಜಾಗ ಇತ್ತು. ನಮ್ಮ ಸಮಿತಿಯವರು ಈ ಕೆರೆಗಳಿಗೆ ಹೋಗಿ ನೋಡಿ ಬಂದಿದ್ದಾರೆ. ಬಂದವರು ಮಾತಾಡಿದ್ದು ವಾಕಿಂಗ್ ದಾರಿಯ ಟೈಲ್ಸ್ ಬಗ್ಗೆ. ಹುಲ್ಲು ಕೊಯ್ಯುವವರ ಬಗ್ಗೆ ಯಾರೂ ಮಾತಾಡಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ.

ಒಪ್ಪಂದಗಳ ಕತೆ ಮುಂದೆ ಸಿಕ್ಕುಸಿಕ್ಕಾಯಿತು. 2020ರಲ್ಲಿ ಹೈಕೋರ್ಟ್ ಕೆರೆಗಳ ವಿಷಯದಲ್ಲಿ ಖಾಸಗಿ ಕಂಪನಿಗಳ ಜೊತೆ ಒಪ್ಪಂದ ಬೇಡ ಅಂದಿತು. ಅದಾದ ಮೇಲೆ ಸಣ್ಣಪುಟ್ಟ ನಾಗರಿಕ ಗುಂಪುಗಳ ಕಾಗದವೂ ನವೀಕರಣವಾಗದೆ ನಿಂತುಹೋಯಿತು. ಕೋರ್ಟಿನ ಆತಂಕ ನನಗೆ ಅರ್ಥವಾಗುತ್ತದೆ. ಕೆರೆ ಎಲ್ಲರ ಸ್ವತ್ತು, ಹಣ ಇದ್ದವರ ಕೈಗೆ ಹೋಗಬಾರದು. ಆ ಆತಂಕ ನಮ್ಮಂಥ ಮಾಲೀಕರ ಸಂಘಗಳ ಬಗ್ಗೆಯೂ ಇರಬೇಕಾದ್ದೇ. ನಮ್ಮ ಸೇಲ್ ಡೀಡಿನಲ್ಲಿ ಕೆರೆ ಇಲ್ಲ. ಬಾಲ್ಕನಿಯಿಂದ ಕಾಣುತ್ತದೆ, ಅದಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದೇವೆ, ನಿಜ. ಹಾಗಂತ ಅಲ್ಲಿ ಯಾರು ಇರಬೇಕು, ಯಾರು ಇರಬಾರದು ಅಂತ ಹೇಳುವ ಹಕ್ಕು ನಮಗೆ ಬಂದಿಲ್ಲ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಕಟ್ಟಡವಿಲ್ಲದೆ ಬಿಡಬೇಕು ಅಂದಾಗ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗ, ನಮ್ಮ ಕಡೆ ನಡೆದ ಮಾತೆಲ್ಲ ಫ್ಲ್ಯಾಟಿನ ಬೆಲೆಯ ಸುತ್ತ ಇತ್ತು. ನೀರಿನ ಮಾತು ಕಡಿಮೆ.

ಅಮೆರಿಕದಲ್ಲಿ ಸರೋವರದ ದಂಡೆಯ ಮಾಲೀಕರ ಸಂಘಗಳು ಬಹಳ ಹಳೆಯವು. ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಅಸೋಸಿಯೇಷನ್ ಶುರುವಾಗಿದ್ದು 1885ರಲ್ಲಿ. ಮಿನ್ನೆಸೋಟಾದಲ್ಲಿ 1973ರಿಂದ ಸಾಮಾನ್ಯ ಜನರೇ ದೋಣಿಯಲ್ಲಿ ಹೋಗಿ, ಬಿಲ್ಲೆಯೊಂದನ್ನು ಹಗ್ಗ ಕಟ್ಟಿ ನೀರಿಗೆ ಇಳಿಸಿ, ಎಷ್ಟು ಆಳದವರೆಗೆ ಕಣ್ಣಿಗೆ ಕಾಣುತ್ತದೆ ಅಂತ ಬರೆದಿಡುತ್ತಿದ್ದಾರೆ. ಸೆಕ್ಕಿ ಬಿಲ್ಲೆ ಅಂತ ಅದಕ್ಕೆ ಹೆಸರು. ಅದನ್ನು ನಾವೂ ಮಾಡಿಕೊಂಡಿದ್ದೇವೆ, ಖರ್ಚು ಏನೂ ಇಲ್ಲ, ನೀವೂ ಮಾಡಿಕೊಳ್ಳಿ. ಅಲ್ಲಿನ ಅಂಥ ಸಂಘಗಳಿಂದ ಈ ಬಿಡದೆ ಬರೆದಿಡುವ ಅಭ್ಯಾಸ ಕಲಿಯಬೇಕು. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಎಷ್ಟೋ ಕಡೆ ದಂಡೆಯ ಮನೆಯವರೇ ಗಾಳ ಹಾಕುವವರು. ಮೀನು ಉಳಿಯಬೇಕು ಅನ್ನುವುದೂ ನೀರು ಚೆನ್ನಾಗಿರಬೇಕು ಅನ್ನುವುದೂ ಅವರಿಗೆ ಒಂದೇ ಮಾತು. ನಮ್ಮಲ್ಲಿ ಮೀನು ಹಿಡಿಯುವವರೇ ಬೇರೆ, ದಂಡೆಯ ಮನೆಯವರೇ ಬೇರೆ. ಜಾತಿ ಬೇರೆ, ಊಟ ಬೇರೆ, ಕೆರೆಗೆ ಬರುವ ಹೊತ್ತೂ ಬೇರೆ. "ಮೀನಿನ ವಾಸನೆ ಬರುತ್ತೆ" ಅನ್ನುವ ದೂರನ್ನು ನಮ್ಮ ಗುಂಪಿನಲ್ಲಿ ಓದಿದ್ದೇನೆ. ನೀರಿನ ಕಾಳಜಿಯ ಹೆಸರಿನಲ್ಲಿ ಈ ಅಸಹ್ಯ ಒಳಗೆ ಬರಬಾರದು. ಇದನ್ನು ಸಭೆಯಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಹಾಗಾದರೆ ಮೀನುಗಾರಿಕೆಯಲ್ಲಿ ತಪ್ಪೇ ಇಲ್ವಾ? ಇದೆ. ಮೀನು ಹಿಡಿಯುವ ಹಕ್ಕನ್ನು ಇಲಾಖೆ ಗುತ್ತಿಗೆ ಕೊಡುತ್ತದೆ. ಎಷ್ಟೋ ಸಲ ಅದು ದೂರದ ಗುತ್ತಿಗೆದಾರರ ಪಾಲಾಗುತ್ತದೆ. ಅವರಿಗೆ ಗುತ್ತಿಗೆ ಮುಗಿಯುವುದರೊಳಗೆ ಹಾಕಿದ ದುಡ್ಡು ವಾಪಸ್ ಬರಬೇಕು. ಬೇಗ ಬೆಳೆಯುವ ಮರಿ ಬಿಡುತ್ತಾರೆ, ಕೆರೆ ತಾಳುವುದಕ್ಕಿಂತ ಜಾಸ್ತಿ ಬಿಡುತ್ತಾರೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಲ್ಲೇ ನಿಷೇಧ ಬಂದಿದೆ. ಆದರೂ ಕೆರೆಗಳಲ್ಲಿ ಸಿಗುತ್ತಲೇ ಇದೆ. ಅದು ಊರಿನ ಸಣ್ಣ ಮೀನು, ಕಪ್ಪೆ ಎಲ್ಲ ತಿಂದುಹಾಕುತ್ತದೆ. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ನೀರನ್ನು ರಾಡಿ ಮಾಡುತ್ತದೆ, ಕೆಸರಲ್ಲಿ ಕೂತಿದ್ದ ರಂಜಕ ಮತ್ತೆ ಮೇಲೆ ಬರುತ್ತದೆ. ಹರಿದ ನೈಲಾನ್ ಬಲೆ ಅಲ್ಲೇ ಬಿಟ್ಟು ಹೋದರೆ ನೀರುಕಾಗೆ, ಹಾವಕ್ಕಿಗಳು ಸಿಕ್ಕಿ ಸಾಯುತ್ತವೆ. ಹಕ್ಕಿಯನ್ನು ಬಲೆಯಿಂದ ಬಿಡಿಸಿದವರಿಗೆ ಅದರ ಸಂಕಟ ಗೊತ್ತು. ಕಾರ್ಖಾನೆಯ ನೀರು ಸೇರುವ ಕೆರೆಗಳಲ್ಲಿ ಹಿಡಿದ ಮೀನು ತಿನ್ನಲು ಯೋಗ್ಯವೇ ಅನ್ನುವ ಪ್ರಶ್ನೆಯೂ ನ್ಯಾಯವಾದದ್ದೇ. ಅಂಥ ಕಡೆ ಮೊದಲು ಮೀನಿನ ಪರೀಕ್ಷೆ ಆಗಬೇಕು.

ಇವೆಲ್ಲ ಗುತ್ತಿಗೆಯ ಷರತ್ತಿನಲ್ಲಿ ಬರೆಯಬಹುದಾದ ವಿಷಯಗಳು. ಯಾವ ಮರಿ, ಎಷ್ಟು ಮರಿ, ಯಾವ ತಿಂಗಳು ಬಲೆ ಬೇಡ, ಹಕ್ಕಿ ಗೂಡಿನ ನಡುಗಡ್ಡೆಯಿಂದ ಎಷ್ಟು ದೂರ, ಹಳೇ ಬಲೆ ಯಾರು ವಾಪಸ್ ತರಬೇಕು. ನಿಷೇಧ ಮಾಡಿದರೆ ಇದ್ಯಾವುದೂ ನಿಲ್ಲುವುದಿಲ್ಲ, ರಾತ್ರಿ ಕದ್ದು ನಡೆಯುತ್ತದೆ. ಇನ್ನೊಂದು ಮಾತು. ಹಿಡಿದು ಹೊರಗೆ ತೆಗೆದ ಮೀನಿನ ಜೊತೆ ಕೆರೆಯಲ್ಲಿ ಸೇರಿದ ಸಾರಜನಕ, ರಂಜಕವೂ ಸ್ವಲ್ಪ ಹೊರಗೆ ಹೋಗುತ್ತದೆ. ಸ್ವಲ್ಪವೇ ಇರಬಹುದು. ಆದರೆ ಮೀನು ಸತ್ತು ಅಲ್ಲೇ ಕೊಳೆತರೆ ಅದಷ್ಟೂ ಮತ್ತೆ ನೀರಿಗೇ ಸೇರುತ್ತದೆ.

ನಮ್ಮ ಸಮಿತಿ ಈ ಸಲ ಅರ್ಜಿಯನ್ನು ಬದಲಿಸಿದೆ. ಒಪ್ಪಿಸಲು ಸಮಯ ಹಿಡಿಯಿತು, ಕೆಲವರು ಇನ್ನೂ ಒಪ್ಪಿಲ್ಲ. ಈಗ ಕೇಳುತ್ತಿರುವುದು ಇದು: ಮುಂದಿನ ಗುತ್ತಿಗೆ ಈ ಊರಿನ ಮೀನು ಹಿಡಿಯುವವರ ಸಹಕಾರ ಸಂಘಕ್ಕೆ ಸಿಗಲಿ, ಮೇಲೆ ಹೇಳಿದ ಷರತ್ತುಗಳ ಜೊತೆ. ಕೆರೆಗೆ ನೀರು ಬಿಡುವ ಪ್ರತಿ ಅಪಾರ್ಟ್‌ಮೆಂಟ್ ತನ್ನ ಎಸ್‌ಟಿಪಿಯ ತಿಂಗಳ ವರದಿಯನ್ನು ಗೇಟಿನ ಬಳಿ ಅಂಟಿಸಲಿ. ಸರ್ಕಾರದ ನೀರು ಪರೀಕ್ಷೆ ವರ್ಷದಲ್ಲಿ ಕೆಲವು ಸಲವಾದರೂ ಸೂರ್ಯೋದಯಕ್ಕೆ ಮುಂಚೆ ನಡೆಯಲಿ. ಸಮಿತಿಯಲ್ಲಿ ಮೀನು ಹಿಡಿಯುವವರಿಗೆ ಎರಡು ಸ್ಥಾನ ಇರಲಿ, ಅವರಿಂದ ವಾರ್ಷಿಕ ಹಣ ಕೇಳುವುದು ಬೇಡ. ಸಭೆ ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ ನಡೆಯುತ್ತಿತ್ತು. ಅದು ಅವರು ಮೀನು ಮಾರುವ ಹೊತ್ತು. ಈಗ ಸಂಜೆ, ಏರಿಯ ಮೇಲಿನ ಅರಳಿಕಟ್ಟೆಯಲ್ಲಿ ಸೇರುತ್ತಿದ್ದೇವೆ. ಮೊದಲ ಸಭೆಗೆ ತಾತ ಬರಲಿಲ್ಲ, ಮಗನನ್ನು ಕಳಿಸಿದ್ದರು. ಅವನು ಹೆಚ್ಚು ಮಾತಾಡಲಿಲ್ಲ. ಎಸ್‌ಟಿಪಿ ಪೈಪುಗಳ ನಕ್ಷೆ ಹರಡಿದಾಗ ಮಾತ್ರ ಎದ್ದು ಬಂದು, ನಮ್ಮ ನಕ್ಷೆಯಲ್ಲಿ ಇಲ್ಲದ ಇನ್ನೆರಡು ಜಾಗಗಳಿಗೆ ಪೆನ್ನಿನಲ್ಲಿ ಗುರುತು ಹಾಕಿದ.

ಆ ಎರಡರಲ್ಲಿ ಒಂದು ನಮ್ಮ ಅಪಾರ್ಟ್‌ಮೆಂಟಿನ ಹಿಂದೆಯೇ ಇದೆ. ಅದರ ಕೆಲಸ ಈಗ ನಡೆಯುತ್ತಿದೆ. ನೀವೂ ಯಾವುದಾದರೂ ಕೆರೆಯ ಪಕ್ಕ ಇದ್ದರೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ನಮ್ಮ ಎಸ್‌ಟಿಪಿಯ ಬ್ಲೋವರ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ಕಳೆದ ತಿಂಗಳ ಲಾಗ್ ಪುಸ್ತಕ ಎಲ್ಲಿದೆ?